ಗುಂಗುರು ಕೂದಲು, ಉರಿಯುವ ನೆತ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಿಸಿಲು ಏರಿದಂತೆ ನೆತ್ತಿಯ ತುರಿಕೆ, ಹೊಟ್ಟು, ಉರಿ ಎಂದು ಬರುವ ಪತ್ರಗಳೂ ಹೆಚ್ಚುತ್ತವೆ. ಈ ಸಂಚಿಕೆಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ. ಬರೆದವರೆಲ್ಲರದೂ ಗುಂಗುರು ಕೂದಲು, ಸ್ವಲ್ಪಕ್ಕೇ ಕೆರಳುವ ನೆತ್ತಿ. ಹೆಚ್ಚಿನವರು ಕೂದಲಿಗೆ ಬೇಕಾದದ್ದನ್ನು ನೆತ್ತಿಗೆ ತಿಕ್ಕುತ್ತಿದ್ದಾರೆ, ನೆತ್ತಿಗೆ ಬೇಕಾದದ್ದನ್ನು ಕೂದಲಿಗೆ ಸುರಿಯುತ್ತಿದ್ದಾರೆ. ಅದನ್ನು ಬೇರ್ಪಡಿಸಿದರೆ ಅರ್ಧ ತೊಂದರೆ ಅಲ್ಲಿಗೇ ಕಡಿಮೆಯಾಗುತ್ತದೆ.

ಪ್ರಶ್ನೆ: ನನ್ನದು ಸೊಂಟದವರೆಗಿನ ಗುಂಗುರು ಕೂದಲು. ತುದಿಗಳು ಒರಟು, ನೆತ್ತಿಯ ಮೇಲೆ ಮಾತ್ರ ಹಳದಿ ಜಿಡ್ಡಿನ ಹೊಟ್ಟು. ತಲೆ ಒಣಗಿದೆ ಎಂದು ಅಮ್ಮ ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಭಾನುವಾರ ಎರೆದುಕೊಂಡರೆ ಬುಧವಾರಕ್ಕೆ ಮತ್ತೆ ಕೆರೆತ ಶುರು. ಎಣ್ಣೆ ಸಾಲುತ್ತಿಲ್ಲವೇ?
ಪದವಿ ವಿದ್ಯಾರ್ಥಿನಿ, ರಾಯಚೂರು

ಎಣ್ಣೆ ಹೆಚ್ಚಾಗಿದೆ. ಹಚ್ಚುವ ಜಾಗವೂ ತಪ್ಪಿದೆ. ನೆತ್ತಿಯ ಚರ್ಮ ತಾನೇ ಜಿಡ್ಡು ಸುರಿಸುತ್ತದೆ. ನೇರ ಕೂದಲಿನಲ್ಲಿ ಆ ಜಿಡ್ಡು ಬುಡದಿಂದ ತುದಿಯವರೆಗೆ ಸಲೀಸಾಗಿ ಇಳಿಯುತ್ತದೆ. ಗುಂಗುರು ಕೂದಲಿನ ಪ್ರತಿ ತಿರುವಿನಲ್ಲೂ ಅದು ತಡೆಯುತ್ತದೆ. ಹಾಗಾಗಿ ಬುಡದಲ್ಲಿ ಜಿಡ್ಡು, ತುದಿಯಲ್ಲಿ ಒಣಕಲು. ನಿಮ್ಮ ಅಮ್ಮನವರು ಒಣಗಿದ ತುದಿಯನ್ನು ನೋಡಿ ಜಿಡ್ಡಾಗಿರುವ ನೆತ್ತಿಗೆ ಎಣ್ಣೆ ಹಾಕುತ್ತಿದ್ದಾರೆ.

ಹಳದಿ ಜಿಡ್ಡಿನ ಹೊಟ್ಟಿನ ಹಿಂದೆ ಮಲಸೀಜಿಯಾ ಎಂಬ ಶಿಲೀಂಧ್ರದ ಕೈವಾಡವಿರುತ್ತದೆ. ಇದು ಎಲ್ಲರ ನೆತ್ತಿಯಲ್ಲೂ ವಾಸವಾಗಿರುವಂಥದ್ದು. ಜಿಡ್ಡನ್ನೇ ಒಡೆದು ತಿಂದು ಬದುಕುತ್ತದೆ. ಒಡೆದಾಗ ಉಳಿಯುವ ಓಲಿಕ್ ಆಮ್ಲ ಸೂಕ್ಷ್ಮ ಚರ್ಮವನ್ನು ಕೆರಳಿಸುತ್ತದೆ. ಆಗ ಚರ್ಮ ಬೇಗಬೇಗ ಸುಲಿದು ಹೊಟ್ಟಾಗಿ ಬೀಳುತ್ತದೆ. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಅದಕ್ಕೆ ನಾವೇ ಊಟ ಬಡಿಸಿಟ್ಟಂತೆ.

ಮೊದಲು ನೆತ್ತಿಗೆ ಎಣ್ಣೆ ಪೂರ್ತಿ ನಿಲ್ಲಿಸಿ. ಔಷಧಿ ಅಂಗಡಿಯಲ್ಲಿ ಶೇ. 2ರ ಕೀಟೋಕೊನಜೋಲ್ ಶಾಂಪೂ ಸಿಗುತ್ತದೆ. ವಾರಕ್ಕೆ 2 ಸಲದಂತೆ 4 ವಾರ ಬಳಸಿ. ಎರೆದುಕೊಳ್ಳುವ ಅರ್ಧ ಗಂಟೆ ಮುಂಚೆ ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ 2 ಚಮಚ ಕೊಬ್ಬರಿ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಕೂದಲೆಳೆಯ ಒಳಕ್ಕೆ ಇಳಿದು, ತೊಳೆಯುವಾಗ ಅದರ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸುತ್ತದೆ. ಔಷಧದ ಶಾಂಪೂ ಹರಿದು ಬಂದರೂ ತುದಿಗಳು ಒಣಗುವುದಿಲ್ಲ. ಆಮೇಲೆ ತಲೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ನೆನೆಸಿ. ಹಂಡೆಯ ಕುದಿ ನೀರು ಬೇಡ, ಅದು ಕೆರೆತವನ್ನು ಹೆಚ್ಚಿಸುತ್ತದೆ. ಬೆರಳಿನಿಂದ ಆರೇಳು ಬೈತಲೆ ತೆಗೆಯುತ್ತಾ, ಪ್ರತಿ ಬೈತಲೆಯ ಗೆರೆಗೂ ಸ್ವಲ್ಪಸ್ವಲ್ಪ ಶಾಂಪೂ ಹಚ್ಚಿ. ಇಡೀ ನೆತ್ತಿಗೆ 2 ಚಹಾ ಚಮಚದಷ್ಟು ಸಾಕು. ಉಗುರು ತಾಕಿಸದೆ ಬೆರಳ ತುದಿಯಿಂದ ಒಂದು ನಿಮಿಷ ಉಜ್ಜಿ, ಗಡಿಯಾರ ನೋಡಿಕೊಂಡು 5 ನಿಮಿಷ ಬಿಟ್ಟು ತೊಳೆಯಿರಿ.

ಈ ಶಾಂಪೂ ಕೆಲಸ ಮಾಡಲಿಲ್ಲ ಎಂದು ಬರೆಯುವವರಲ್ಲಿ ಹೆಚ್ಚಿನವರು ಮಾಡುವುದು ಎರಡು ತಪ್ಪು. ಒಂದು, ಹಚ್ಚಿದ ಕೂಡಲೇ ತೊಳೆಯುವುದು. ಔಷಧಕ್ಕೆ ಚರ್ಮದ ಮೇಲೆ ಕೂರಲು ಹೊತ್ತು ಬೇಕು. ಎರಡು, ಮಾಮೂಲಿ ಶಾಂಪೂವಿನಂತೆ ಮಗ್ ನೀರಿಗೆ ಕಲಸಿ ತಲೆಗೆ ಸುರಿದುಕೊಳ್ಳುವುದು. ಹಾಗೆ ಮಾಡಿದರೆ ದಟ್ಟ ಗುಂಗುರು ಕೂದಲಿನ ಮೇಲ್ಪದರವಷ್ಟೇ ನೆನೆದು, ಔಷಧ ನೆತ್ತಿಯನ್ನು ಮುಟ್ಟುವುದೇ ಇಲ್ಲ.

ತೊಳೆದ ಮೇಲೆ ಕಂಡಿಷನರನ್ನು ಕಿವಿಯಿಂದ ಕೆಳಕ್ಕೆ ಧಾರಾಳವಾಗಿ ಹಚ್ಚಿ. ಅದು ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಒಣಗಿದ ಮೇಲೆ ಬಾಚಿದರೆ ಗುಂಗುರು ಕೂದಲು ತುಂಡಾಗುತ್ತದೆ. ಬುಡ ಎಳೆದು ನೆತ್ತಿಯೂ ನೋಯುತ್ತದೆ. ಒರಟು ಟವೆಲ್ ಬದಲು ಹಳೆಯ ಧೋತರದ ತುಂಡಿನಿಂದ ಹಿಂಡಿ ಒರೆಸಿ. ಹಸಿ ತಲೆಯಲ್ಲೇ ಹೆರಳು ಹೆಣೆದು ಕಾಲೇಜಿಗೆ ಹೊರಡುವ ಅಭ್ಯಾಸವಿದ್ದರೆ ಬಿಡಿ. ಸಂಜೆಯವರೆಗೂ ಬುಡ ಆರುವುದಿಲ್ಲ.

ತಹಬದಿಗೆ ಬಂದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದು ಸಲ ಅದೇ ಶಾಂಪೂ ಮುಂದುವರಿಸಿ. ಹೊಟ್ಟು ಮರಳಿ ಬರುವ ಸ್ವಭಾವದ್ದು, ಪೂರ್ತಿ ಬಿಟ್ಟರೆ ತಿಂಗಳೆರಡು ತಿಂಗಳಲ್ಲಿ ಮತ್ತೆ ತಲೆ ಎತ್ತುತ್ತದೆ. 4 ವಾರವಾದರೂ ಏನೂ ಇಳಿಯದಿದ್ದರೆ, ಅಥವಾ ಹೊಟ್ಟು ಬೆಳ್ಳಿಯ ಬಣ್ಣದ ದಪ್ಪ ಪದರವಾಗಿ ಹಣೆಯ ಮೇಲಕ್ಕೂ ಹಬ್ಬಿದರೆ ಅದು ಸೋರಿಯಾಸಿಸ್ ಇರಬಹುದು. ಆಗ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನ ಚರ್ಮರೋಗ ವಿಭಾಗದಲ್ಲಿ ತೋರಿಸಿ.

ಪ್ರಶ್ನೆ: ನಮ್ಮೂರಿನಲ್ಲಿ ಬೋರ್ ನೀರೇ ಗತಿ. ತಲೆಗೆ ಎರೆದುಕೊಂಡರೆ ಕೂದಲು ಅಂಟಂಟಾಗಿ ಹಗ್ಗದಂತಾಗುತ್ತದೆ, ನೆತ್ತಿ ಬಿಗಿದು ಉರಿಯುತ್ತದೆ. ಪಟಕ ಹಾಕಿ, ಕುದಿಸಿಯೂ ನೋಡಿದೆವು.
ಗೃಹಿಣಿ, ಕುಷ್ಟಗಿ ತಾಲ್ಲೂಕು

ಇದು ಸವಳು ನೀರಿನ, ಎಂದರೆ ಗಡಸು ನೀರಿನ ಕಾಟ. ನೆಲದಾಳದ ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿ ಬಂದಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ. ಮನೆಯಲ್ಲೇ ಅಂದಾಜು ಮಾಡಬಹುದು. ಬಾಟಲಿಗೆ ಅರ್ಧ ನೀರು ತುಂಬಿ, ಬಟ್ಟೆ ಸೋಪಿನ ಚೂರು ಹೆರೆದು ಹಾಕಿ ಜೋರಾಗಿ ಅಲುಗಾಡಿಸಿ. ನೊರೆ ನಿಲ್ಲದೆ ನೀರು ಬೆಳ್ಳಗೆ ಒಡೆದಂತಾಗಿ ಮೇಲೆ ಚೂರುಚೂರು ತೇಲಿದರೆ ನೀರು ಗಡಸು.

ಆ ಬಿಳಿ ಚೂರೇ ನಿಮ್ಮ ತಲೆಯಲ್ಲೂ ಕೂರುವುದು. ಮೈಸೋಪನ್ನೇ ತಲೆಗೂ ಹಚ್ಚುವವರಿಗೆ ಇದು ಅತಿ ಹೆಚ್ಚು. ಸೋಪು ಕ್ಯಾಲ್ಸಿಯಂ ಜತೆ ಸೇರಿ ಕರಗದ ಅಂಟಾಗುತ್ತದೆ. ಆ ಅಂಟು ಗುಂಗುರಿನ ತಿರುವುಗಳಲ್ಲಿ ಸಿಕ್ಕಿಕೊಂಡರೆ ಎಷ್ಟು ನೀರು ಹೊಯ್ದರೂ ಹೋಗದು. ಅಲ್ಲದೆ ಸೋಪು ಕ್ಷಾರ, ನೆತ್ತಿಯ ಚರ್ಮ ತುಸು ಆಮ್ಲ. ಬಿಗಿತ, ಉರಿ ಅದರಿಂದಲೂ ಬರುತ್ತದೆ. ಹಾಗಾಗಿ ಮೊದಲ ಕೆಲಸ, ತಲೆಗೆ ಸೋಪು ನಿಲ್ಲಿಸುವುದು.

ಪಟಕ ಕೆಸರನ್ನು ತಳಕ್ಕೆ ಇಳಿಸುತ್ತದೆಯೇ ಹೊರತು ಗಡಸುತನವನ್ನು ಮುಟ್ಟುವುದಿಲ್ಲ. ಕುದಿಸುವುದರಿಂದ ಬೈಕಾರ್ಬನೇಟ್ ರೂಪದ್ದು ಮಾತ್ರ ತಳಕ್ಕೆ ಕೂರುತ್ತದೆ, ಸಲ್ಫೇಟ್, ಕ್ಲೋರೈಡ್ ರೂಪದ್ದು ಹಾಗೆಯೇ ಉಳಿಯುತ್ತದೆ. ನಲ್ಲಿಗೆ ಸಿಕ್ಕಿಸುವ ಪುಟ್ಟ ಫಿಲ್ಟರುಗಳಲ್ಲಿ ಹೆಚ್ಚಿನವು ಕ್ಲೋರಿನ್, ಮಣ್ಣು ಹಿಡಿಯುವಂಥವು. ಗಡಸುತನ ತೆಗೆಯಲು ರೆಸಿನ್ ಇರುವ ಸಾಫ್ಟ್‌ನರ್ ಬೇಕು, ಅದನ್ನು ಆಗಾಗ ಉಪ್ಪು ನೀರಿನಿಂದ ತೊಳೆಯಬೇಕು. ತಲೆಗಾಗಿ ಮಾತ್ರ ಅಷ್ಟು ಖರ್ಚು ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಕಡಿಮೆ ಖರ್ಚಿನ ದಾರಿ ಇದೆ. ತಲೆಯನ್ನು ಬೋರ್ ನೀರಿನಲ್ಲೇ ತೊಳೆಯಿರಿ, ಕೊನೆಯ ಎರಡು ತಂಬಿಗೆ ಮಾತ್ರ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದದ್ದಿರಲಿ. ಸುಮಾರು 2 ಲೀಟರ್ ಸಾಕು. ಮಳೆಗಾಲದಲ್ಲಿ ಮೊದಲ ಮಳೆ ಬಿಟ್ಟು, ತಗಡಿನಿಂದ ಇಳಿಯುವ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಶಾಂಪೂ ಕೊಳ್ಳುವಾಗ ಹಿಂಭಾಗದ ಪಟ್ಟಿಯಲ್ಲಿ ಇಡಿಟಿಎ ಎಂಬ ಹೆಸರಿದೆಯೇ ನೋಡಿ. ಅದು ಕ್ಯಾಲ್ಸಿಯಂ ಹಿಡಿದುಕೊಂಡು ನೀರಿನ ಜತೆ ಹೊರಡುತ್ತದೆ. ಕಟ್ಟಿಕೊಂಡ ಪದರ ತೆಗೆಯಲೆಂದೇ ಮಾಡಿದ ಶಾಂಪೂ ಸಿಕ್ಕರೆ ಎರಡು ಮೂರು ವಾರಕ್ಕೊಮ್ಮೆ ಸಾಕು, ಪದೇಪದೇ ಬಳಸಿದರೆ ಗುಂಗುರು ಒಣಗುತ್ತದೆ.

ಅಂಟುವಾಳ ಬಳಸುವವರು ಬಿಡಬೇಕಿಲ್ಲ. ಅದರ ನೊರೆ ಸೋಪಿನದಲ್ಲ, ಗಡಸು ನೀರಿನಲ್ಲಿ ಅಂಟು ಕಟ್ಟುವುದಿಲ್ಲ. ಆದರೆ ಪುಡಿಯನ್ನು ನೇರವಾಗಿ ತಲೆಗೆ ಹಾಕಬೇಡಿ. ಅಂಟುವಾಳವಿರಲಿ, ಸೀಗೆಪುಡಿಯಿರಲಿ, ತರಿಗಳು ಸುರುಳಿಗಳಲ್ಲಿ ಉಳಿದು, ಬಾಚುವಾಗ ನೆತ್ತಿಯನ್ನು ಗೀರುತ್ತವೆ. ಬೀಜ ತೆಗೆದ 8-10 ಅಂಟುವಾಳದ ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ 10 ನಿಮಿಷ ಕುದಿಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ ಆ ನೀರನ್ನು ಬಳಸಿ. ಕಣ್ಣಿಗೆ ತಾಗಿದರೆ ವಿಪರೀತ ಉರಿ, ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಯಿರಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಳಸುವ ಗಂಗಾವತಿ, ಸಿಂಧನೂರು, ಮಾನ್ವಿ ಭಾಗದವರಿಗೂ ಒಂದು ಮಾತು. ಹೊಳೆ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೃದು. ಬೇಸಿಗೆಯಲ್ಲಿ ಕಾಲುವೆ ನಿಂತು ಬೋರ್ ನೀರಿಗೆ ಇಳಿದ ಮೇಲೆಯೇ ಕೂದಲು ಕೆಟ್ಟಿತು ಎನ್ನುವವರು ಶಾಂಪೂ ಬದಲಿಸುವ ಮುಂಚೆ ಕೊನೆಯ ಎರಡು ತಂಬಿಗೆ ನೀರನ್ನು ಬದಲಿಸಿ ನೋಡಿ.

ಪ್ರಶ್ನೆ: ಹೊಟ್ಟಿಗೆ ನಿಂಬೆರಸ, ಈರುಳ್ಳಿ ರಸ, ಅಡಿಗೆ ಸೋಡಾ, ಯಾವುದು ಒಳ್ಳೆಯದು?
ಓದುಗರು, ಮಾನ್ವಿ

ಮೂರೂ ಬೇಡ. ನಿಂಬೆರಸ ತೀರಾ ಹುಳಿ. ಕೆರೆದು ಗಾಯವಾದ ನೆತ್ತಿಗೆ ಸುಡುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಹಣೆ, ಕಿವಿಯ ಮೇಲೆ ಕಪ್ಪು ಕಲೆ ಏಳಬಹುದು. ಈರುಳ್ಳಿ ರಸ ಸೂಕ್ಷ್ಮ ಚರ್ಮವನ್ನು ಕೆಂಪಾಗಿಸುತ್ತದೆ. ಸೋಡಾ ಕ್ಷಾರ, ಕೂದಲಿನ ಹೊರಪದರ ಉಬ್ಬಿ ಗುಂಗುರು ಸಿಕ್ಕುಗಟ್ಟುತ್ತದೆ. ಮೊಸರು ಹಚ್ಚಿ ಹತ್ತು ನಿಮಿಷದಲ್ಲಿ ತೊಳೆದರೆ ಹಾನಿಯಿಲ್ಲ, ಕೂದಲು ಮೆತ್ತಗಾಗುತ್ತದೆ. ಹೊಟ್ಟಿಗೆ ಅದು ಔಷಧವಲ್ಲ.

ಪ್ರಶ್ನೆ: ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ದಿನಕ್ಕೆ 8 ತಾಸು ಹೆಲ್ಮೆಟ್. ಗಿಡ್ಡ ಗುಂಗುರು ಕೂದಲು. ಕಟಿಂಗ್ ಆದ ನಾಲ್ಕೈದು ದಿನಕ್ಕೆ ಹೆಡಕಿನಲ್ಲಿ ಗುಳ್ಳೆಗಳು, ಕೆಲವು ಗಟ್ಟಿಯಾಗಿ ಉಳಿದಿವೆ.
ಕಾರ್ಮಿಕರು, ತೋರಣಗಲ್ಲು

ಗಟ್ಟಿಯಾಗಿ ಉಳಿದ ಗುಳ್ಳೆ ಎಂದಿದ್ದೀರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗುಂಗುರು ಕೂದಲನ್ನು ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಬೋಳಿಸಿದಾಗ ಅದರ ತುದಿ ಚೂಪಾಗುತ್ತದೆ. ಬೆಳೆಯುತ್ತಾ ಬಾಗಿ ಮತ್ತೆ ಚರ್ಮದೊಳಕ್ಕೇ ಚುಚ್ಚುತ್ತದೆ. ಮೇಲೆ ಹೆಲ್ಮೆಟ್ಟಿನ ಉಜ್ಜಾಟ, ಬೆವರು. ಹೀಗೆ ಪದೇಪದೇ ಆದರೆ ಗುಳ್ಳೆ ಒಣಗದೆ ಗಂಟಾಗುತ್ತದೆ, ಗಂಟುಗಳು ಕೂಡಿ ದಪ್ಪ ಕಲೆಯಾಗುತ್ತದೆ. ಆ ಹಂತದಲ್ಲಿ ಚಿಕಿತ್ಸೆ ಬಹಳ ಕಷ್ಟ.

ಕಟಿಂಗ್ ಅಂಗಡಿಯಲ್ಲಿ ಹೆಡಕಿಗೆ ಬ್ಲೇಡು ಹಾಕಿಸಬೇಡಿ. ಮಷಿನ್ನಿಗೆ 1ನೇ ನಂಬರಿನ ಗಾರ್ಡ್ ಹಾಕಿ, 3 ಮಿಲಿಮೀಟರಿನಷ್ಟು ಕೂದಲು ಉಳಿಸಲು ಹೇಳಿ. ಕಾಲರ್ ಗಟ್ಟಿಯಾದ ಅಂಗಿ ತಪ್ಪಿಸಿ. ಹೆಲ್ಮೆಟ್ ಒಳಗೆ ತೆಳು ಹತ್ತಿಯ ಟೊಪ್ಪಿಗೆ ಹಾಕಿ, ಎರಡು ಮೂರು ಇಟ್ಟುಕೊಂಡು ದಿನಾ ಒಗೆದದ್ದನ್ನೇ ಬಳಸಿ. ಹೆಲ್ಮೆಟ್ಟಿನ ಬೆವರು ಪಟ್ಟಿಯನ್ನು ವಾರಕ್ಕೊಮ್ಮೆ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪಾಳಿ ಮುಗಿದ ಕೂಡಲೇ ಹೆಡಕು ತೊಳೆಯಿರಿ. ಬೆಂಜಾಯ್ಲ್ ಪೆರಾಕ್ಸೈಡ್ ಶೇ. 2.5ರಿಂದ 5ರ ವಾಶ್ ಅನ್ನು ದಿನಕ್ಕೊಮ್ಮೆ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆದರೆ ಹೊಸ ಗುಳ್ಳೆ ತಗ್ಗುತ್ತದೆ. ಬಣ್ಣದ ಟವೆಲ್, ಅಂಗಿಗೆ ತಾಗಿದರೆ ಬಣ್ಣ ಹೋಗುತ್ತದೆ, ಎಚ್ಚರ. ಈಗಾಗಲೇ ಗಟ್ಟಿಯಾದವನ್ನು ಹಿಸುಕದೆ ಚರ್ಮ ವೈದ್ಯರಿಗೆ ತೋರಿಸಿ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ನಿಮಗೆ ಹತ್ತಿರ.

ಪ್ರಶ್ನೆ: ಕಪ್ಪು ಮೆಹಂದಿ ಪುಡಿ ಹಚ್ಚಿದ ಮರುದಿನ ಹಣೆ, ಕಣ್ಣಿನ ರೆಪ್ಪೆ ಬಾತುಕೊಂಡವು. ಮೆಹಂದಿ ಗಿಡದ್ದಲ್ಲವೇ, ಅದೂ ಆಗಿಬರುವುದಿಲ್ಲವೇ?
ಶಿಕ್ಷಕಿ, ಗಂಗಾವತಿ

ನಿಮಗೆ ಆಗಿಬಾರದಿರುವುದು ಬಹುತೇಕ ಮೆಹಂದಿಯಲ್ಲ, ಅದರಲ್ಲಿ ಬೆರೆಸಿದ ಪಿಪಿಡಿ ಎಂಬ ಬಣ್ಣದ ರಾಸಾಯನಿಕ. ಮೆಹಂದಿ ಎಲೆ ಒಂದೇ ಆದರೆ ಬಿಳಿ ಕೂದಲಿಗೆ ಕಿತ್ತಳೆ ಇಲ್ಲವೇ ಕೆಂಪು ಬಣ್ಣ ಕೊಡುತ್ತದೆ. ಒಂದೇ ಸಲಕ್ಕೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಕಡುಕಪ್ಪು ಬಂದರೆ ಅದರಲ್ಲಿ ಡೈ ಇದೆ ಎಂದೇ ತಿಳಿಯಿರಿ. ಪೊಟ್ಟಣದ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ನಂಬಬೇಡಿ.

ಪಿಪಿಡಿ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ, ಮುಂದಿನ ಸಲ ಇನ್ನೂ ಜೋರಾಗಬಹುದು. ಬೇರೆ ಕಂಪನಿಯ ಕಪ್ಪು ಡೈ ಪ್ರಯತ್ನಿಸುವುದೂ ಬೇಡ. ಈಗ ತಲೆಯನ್ನು ಮೃದು ಶಾಂಪೂವಿನಿಂದ ಎರಡು ಸಲ ತೊಳೆದು ಉಳಿದ ಬಣ್ಣ ತೆಗೆಯಿರಿ. ಗುಂಗುರು ಕೂದಲಿನ ಬುಡದಲ್ಲಿ ಪುಡಿ ಕಚ್ಚಿಕೊಂಡಿರುತ್ತದೆ, ಬೈತಲೆ ಬೈತಲೆ ಬಿಡಿಸಿ ನೀರು ಹಾಯಿಸಿ. ಬಾವು ಇಳಿಸಲು ವೈದ್ಯರೇ ಔಷಧ ಕೊಡಬೇಕು. ಉಸಿರು ಕಟ್ಟಿದಂತಾದರೆ, ತುಟಿ ನಾಲಿಗೆ ಬಾತರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮುಂದೆ ಬಣ್ಣ ಬೇಕೆನಿಸಿದರೆ ಶುದ್ಧ ಮೆಹಂದಿ, ಅದನ್ನು ತೊಳೆದ ಮೇಲೆ ನೀಲಿ (ಇಂಡಿಗೊ) ಗಿಡದ ಎಲೆಯ ಪುಡಿ, ಹೀಗೆ ಎರಡು ಹಂತದಲ್ಲಿ ಕಂದುಗಪ್ಪು ಬರುತ್ತದೆ. ನೀಲಿ ಪುಡಿಯಲ್ಲೂ ಕಲಬೆರಕೆ ಇರಬಹುದಾದ್ದರಿಂದ ಪರೀಕ್ಷೆ ಮಾಡದೆ ತಲೆಗೆ ಹಾಕಬೇಡಿ. ಕಲಸಿದ್ದನ್ನು ಮೊಣಕೈ ಒಳಭಾಗಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ, ತಲೆಯಲ್ಲಿ ಬಿಡುವಷ್ಟೇ ಹೊತ್ತು ಬಿಟ್ಟು ತೊಳೆದು, 48 ತಾಸು ಕಾಯಿರಿ. ಕೆಂಪು, ತುರಿಕೆ, ಗುಳ್ಳೆ ಏನೂ ಇಲ್ಲದಿದ್ದರೆ ಮಾತ್ರ ಮುಂದುವರಿಯಿರಿ. ಈಗಿನ ಬಾವು ಪೂರ್ತಿ ಇಳಿಯುವವರೆಗೆ ಈ ಪರೀಕ್ಷೆಯೂ ಬೇಡ.

ಪ್ರಶ್ನೆ: 8 ವರ್ಷದ ಮಗಳಿಗೆ ದಟ್ಟ ಗುಂಗುರು. ಶಾಲೆಗೆ ಎರಡು ಹೆರಳು ಮಡಚಿ ರಿಬ್ಬನ್ ಕಟ್ಟಬೇಕು. ಕೆನ್ನೆಪಕ್ಕ ಕೂದಲು ತೆಳುವಾಗಿದೆ, ಸಣ್ಣ ಗುಳ್ಳೆಗಳೂ ಇವೆ. ಇತ್ತೀಚೆಗೆ ಹೆಡಕು ಕೆರೆದುಕೊಳ್ಳುತ್ತಾಳೆ.
ತಾಯಿ, ಸಿಂಧನೂರು

ಇಲ್ಲಿ ಎರಡು ಸಂಗತಿಗಳಿವೆ. ಕೆನ್ನೆಪಕ್ಕದ್ದು ಬಿಗಿ ಹೆರಳಿನ ಎಳೆತದಿಂದ ಆದದ್ದು. ಹೆಣೆದ ಮೇಲೆ ಮಗುವಿನ ಹುಬ್ಬು ಮೇಲಕ್ಕೆ ಎಳೆದಂತೆ ಕಂಡರೆ, ಹಣೆಯಂಚಿನ ಕೂದಲ ಬುಡದಲ್ಲಿ ಚರ್ಮ ಗುಬ್ಬಿಗಟ್ಟಿ ನಿಂತಿದ್ದರೆ ಅದು ಬಿಗಿ ಹೆಚ್ಚಾಯಿತೆಂಬ ಗುರುತು. ಬುಡದಲ್ಲಿ ಒಂದು ಬೆರಳು ತೂರುವಷ್ಟು ಸಡಿಲವಾಗಿ ಹೆಣೆಯಿರಿ, ಬರೀ ರಬ್ಬರ್ ಬ್ಯಾಂಡ್ ಬಿಟ್ಟು ಬಟ್ಟೆ ಸುತ್ತಿದ ಬ್ಯಾಂಡ್ ಹಾಕಿ, ಬೈತಲೆಯ ಜಾಗವನ್ನು ವಾರಕ್ಕೊಮ್ಮೆ ಬದಲಿಸಿ. ಶಾಲೆಯಿಂದ ಬಂದ ಕೂಡಲೇ ಬಿಚ್ಚಿಬಿಡಿ. ಈಗಲೇ ಎಳೆತ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದು ಚರ್ಮ ನುಣುಪಾಗಿ ಹೊಳೆಯತೊಡಗಿದರೆ ಮತ್ತೆ ಬರುವುದಿಲ್ಲ. ಶಾಲೆಯವರಿಗೆ ಒಂದು ಚೀಟಿ ಬರೆದು ರಿಬ್ಬನ್ನಿನ ವಿನಾಯಿತಿ ಕೇಳುವುದರಲ್ಲಿ ಸಂಕೋಚಪಡಬೇಡಿ.

ಹೆಡಕಿನಲ್ಲೂ ಕಿವಿಯ ಹಿಂದೆಯೂ ಕೆರೆತವಿದ್ದರೆ ಮೊದಲು ಹೇನು ನೋಡಿ. ಹೊಟ್ಟನ್ನು ಊದಿದರೆ ಹಾರುತ್ತದೆ, ಸೀರು ಕೂದಲೆಳೆಗೆ ಕಚ್ಚಿಕೊಂಡಿರುತ್ತದೆ. ಒಣ ಗುಂಗುರಿಗೆ ಸೀರಣಿಗೆ ಹಾಕಿದರೆ ಮಗು ಚೀರುತ್ತದೆ. ಒದ್ದೆ ಮಾಡಿ, ಕಂಡಿಷನರ್ ದಪ್ಪಗೆ ಹಚ್ಚಿ, ಮೊದಲು ಅಗಲ ಹಣಿಗೆ, ಆಮೇಲೆ ಸೀರಣಿಗೆ ಎಳೆಯಿರಿ. ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಹೇನು ಕಂಡರೆ ಶೇ. 1ರ ಪರ್ಮೆಥ್ರಿನ್ ಲೋಷನ್, 10 ನಿಮಿಷ, 9ನೇ ದಿನ ಇನ್ನೊಮ್ಮೆ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ, ಹೇನಿದ್ದವರಿಗೆಲ್ಲ ಒಟ್ಟಿಗೇ ಹಚ್ಚಿ. ಸೀಮೆಎಣ್ಣೆ, ಹತ್ತಿಗೆ ಹೊಡೆಯುವ ಔಷಧ ಯಾವ ಕಾರಣಕ್ಕೂ ತಲೆಗೆ ಮುಟ್ಟಿಸಬೇಡಿ, ಮಗುವಿನ ಜೀವಕ್ಕೇ ಅಪಾಯ.

ಹೇನಿಲ್ಲದೆ, ದುಂಡಗೆ ಕೂದಲು ಮುರಿದುಬಿದ್ದ ಜಾಗ ಕಂಡರೆ ಅದು ಹುಳುಕಡ್ಡಿ ಇರಬಹುದು. ನೆತ್ತಿಯ ಹುಳುಕಡ್ಡಿಗೆ ಶಾಂಪೂ, ಮುಲಾಮು ಸಾಲದು, ವೈದ್ಯರು ವಾರಗಟ್ಟಲೆ ಮಾತ್ರೆ ಕೊಡಬೇಕಾಗುತ್ತದೆ. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ತಗ್ಗಿಸಿ, ಒಳಗೊಳಗೇ ರೋಗ ಹಬ್ಬಿಸುತ್ತದೆ.

ಪ್ರಶ್ನೆ: ಗುಂಗುರು ಕೂರಲು ಅಗಸಿಯ ಲೋಳೆ ಹಚ್ಚುತ್ತೇನೆ. ಮೊದಲೆರಡು ದಿನ ಚೆಂದ, ಆಮೇಲೆ ಬಿಳಿ ಪುಡಿ ಉದುರುತ್ತದೆ, ನೆತ್ತಿ ತುರಿಸುತ್ತದೆ.
ಜೀನ್ಸ್ ಹೊಲಿಗೆ ಘಟಕದ ಕೆಲಸಗಾರ್ತಿ, ಬಳ್ಳಾರಿ

ಅಗಸಿ ಒಳ್ಳೆಯ ಆಯ್ಕೆ. ಪರಿಮಳ, ಆಲ್ಕೋಹಾಲ್ ಇಲ್ಲದ್ದು, ನಮ್ಮ ಭಾಗದಲ್ಲಿ ಚಟ್ನಿಪುಡಿಗೆಂದು ಮನೆಯಲ್ಲೇ ಇರುತ್ತದೆ. 4 ದೊಡ್ಡ ಚಮಚ ಅಗಸಿಗೆ 2 ಕಪ್ ನೀರು. ಸಾಧ್ಯವಾದರೆ ಶುದ್ಧ ನೀರಿನ ಘಟಕದ್ದು. ಸಣ್ಣ ಉರಿಯಲ್ಲಿ ತಿರುವುತ್ತಾ 7-8 ನಿಮಿಷ ಕುದಿಸಿ. ಚಮಚ ಎತ್ತಿದಾಗ ಮೊಟ್ಟೆಯ ಬಿಳಿಯಂತೆ ಎಳೆ ಬಂದ ಕೂಡಲೇ ಇಳಿಸಿ, ಬಿಸಿಯಿರುವಾಗಲೇ ಸೋಸಿ. ಆರಲು ಬಿಟ್ಟರೆ ಲೋಳೆ ಬೀಜಕ್ಕೇ ಅಂಟಿಕೊಂಡು ಬಟ್ಟೆಯಿಂದ ಇಳಿಯುವುದಿಲ್ಲ.

ಉದುರುವ ಬಿಳಿ ಪುಡಿ ಒಣಗಿದ ಲೋಳೆಯೇ ಇರಬೇಕು. ಒಂದು ಚೂರನ್ನು ಅಂಗೈಯಲ್ಲಿಟ್ಟು ಹನಿ ನೀರು ಹಾಕಿ. ಕರಗಿ ಜಾರಿದರೆ ಲೋಳೆ, ಹಾಗೆಯೇ ಉಳಿದರೆ ಹೊಟ್ಟು. ಹೊಟ್ಟಾದರೆ ಮೊದಲ ಪ್ರಶ್ನೆಯ ಉತ್ತರ ನೋಡಿ. ಲೋಳೆಯಾದರೆ ಪ್ರಮಾಣ ಹೆಚ್ಚಾಗಿದೆ. ನೀರು ಹನಿಯುವಷ್ಟು ಒದ್ದೆಯಿರುವ ಕೂದಲಿಗೆ, ಬುಡದಿಂದ ನಾಲ್ಕು ಬೆರಳು ಬಿಟ್ಟು ಹಚ್ಚಿ. ನಿನ್ನೆಯ ಪದರದ ಮೇಲೆ ಇಂದು ಮತ್ತೆ ಹಚ್ಚಬೇಡಿ, ಕೈ ಒದ್ದೆ ಮಾಡಿಕೊಂಡು ಸುರುಳಿಗಳನ್ನು ಮುದುರಿದರೆ ಹಳೆಯದೇ ಜೀವ ಪಡೆಯುತ್ತದೆ. ಹೊಲಿಗೆ ಘಟಕದಲ್ಲಿ ಏಳುವ ನೂಲಿನ ಧೂಳು ಲೋಳೆಗೆ ಅಂಟಿ ಬೆವರಿನ ಜತೆ ನೆತ್ತಿಗೆ ಇಳಿಯುತ್ತದೆ. ಕೆಲಸದ ಹೊತ್ತಿನಲ್ಲಿ ತೆಳು ಹತ್ತಿಯ ವಸ್ತ್ರವನ್ನು ಸಡಿಲವಾಗಿ ಕಟ್ಟಿಕೊಳ್ಳಿ, ವಾರಕ್ಕೆ ಎರಡು ಸಲ ತಲೆ ತೊಳೆಯಿರಿ.

ತುರಿಕೆಗೆ ಇನ್ನೊಂದು ಕಾರಣ ಹಳಸಿದ ಲೋಳೆ. ಇದರಲ್ಲಿ ಕೆಡದಂತೆ ಇಡುವ ಯಾವ ಪದಾರ್ಥವೂ ಇಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿಟ್ಟರೆ ಒಂದೇ ದಿನಕ್ಕೆ ಕೆಡಬಹುದು, ಫ್ರಿಜ್ಜಿನಲ್ಲಿ ಐದಾರು ದಿನ. ಹುಳಿ ವಾಸನೆ ಬಂದರೆ, ನೀರು ಬೇರ್ಪಟ್ಟರೆ ಚೆಲ್ಲಿಬಿಡಿ. ಒಮ್ಮೆಗೇ ಜಾಸ್ತಿ ಮಾಡುವವರು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಟ್ಟು, ಎರೆದುಕೊಳ್ಳುವ ದಿನ ಬೇಕಾದಷ್ಟೇ ಬಿಲ್ಲೆ ಹೊರತೆಗೆಯಬಹುದು.